ಹಳೇ ಸಾಫ್ಟ್‌ವೇರ್‌ಗೆ ಹಳೇ ಕಂಪ್ಯೂಟರ್: ಕೊಳ್ಳುವ ಮುಂಚೆ ಬೆನ್ನು ತಿರುಗಿಸಿ ನೋಡಿ

ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ರೈತರ ಲೆಕ್ಕದ ಪಟ್ಟಿಯನ್ನು ಫಾಕ್ಸ್‌ಪ್ರೊ ಎಂಬ ಹಳೇ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆಸಿದ ಡಾಸ್ ಪ್ರೋಗ್ರಾಮಿನಿಂದಲೇ ಹೊರಡಿಸುವ ದಲಾಲಿ ಅಂಗಡಿಗಳು ಇನ್ನೂ ಇವೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಕಡೆ ಹೋದರೆ ವಿಂಡೋಸ್ ಎಕ್ಸ್‌ಪಿ ಮೇಲೆ ನಡೆಯುವ ವೇಬ್ರಿಡ್ಜ್, ಡಿಟಿಪಿ ಅಂಗಡಿಗೆ ಹೋದರೆ ಪೇಜ್‌ಮೇಕರ್ ಮತ್ತು ಕನ್ನಡ ಫಾಂಟಿನ ಲಾಕ್, ಅಂದರೆ ಪೋರ್ಟಿಗೆ ಸಿಕ್ಕಿಸದಿದ್ದರೆ ಸಾಫ್ಟ್‌ವೇರ್ ಓಡದ ಸಣ್ಣ ತುಂಡು. ಇವೆಲ್ಲ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಅಡಿಯ ಕಂಪ್ಯೂಟರ್ ಸಾಯುವವರೆಗೆ. ಸತ್ತ ದಿನ ಸಾಹುಕಾರ್ರು ಅಂಗಡಿಗೆ ಹೋಗಿ “ಗಟ್ಟಿಯಾಗಿರೋದು ಒಂದು ಕೊಡಪ್ಪ” ಅಂತಾರೆ. ಅವನು ಐ5, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಡಬ್ಬಿ ಕೊಡ್ತಾನೆ. ತಂದು ನೋಡಿದರೆ ಲಾಕ್ ಸಿಕ್ಕಿಸಲು ಜಾಗವಿಲ್ಲ, ಪ್ರಿಂಟರ್ ವೈರಿಗೆ ತೂತಿಲ್ಲ, ಪ್ರೋಗ್ರಾಂ ಡಬಲ್ ಕ್ಲಿಕ್ ಮಾಡಿದರೆ ಈ ಕಂಪ್ಯೂಟರಿನಲ್ಲಿ ಓಡದು ಅನ್ನುವ ನೀಲಿ ಪಟ್ಟಿ.

ಹಳೇ ಸಾಫ್ಟ್‌ವೇರಿಗೆ ವೇಗ ಬೇಕಿಲ್ಲ. ಸರಿಯಾದ ಚಿಪ್‌ಸೆಟ್ (ಮದರ್‌ಬೋರ್ಡಿನ ಮುಖ್ಯ ಚಿಪ್ಪುಗಳು) ಬೇಕು, ಸರಿಯಾದ ಪೋರ್ಟ್ ಬೇಕು. ಆದ್ದರಿಂದ ಕೊಳ್ಳುವ ಕ್ರಮವೂ ತಿರುಗುಮುರುಗು: ಮೊದಲು ಸಾಫ್ಟ್‌ವೇರ್ ಏನು ಕೇಳುತ್ತದೆ ಎಂದು ಬರೆದುಕೊಳ್ಳಿ, ಆಮೇಲೆ ಡಬ್ಬಿಯ ಬೆನ್ನು ನೋಡಿ, ಪ್ರೊಸೆಸರ್ ಯಾವುದೆಂದು ಕೊನೆಗೆ ಕೇಳಿ.

ಹಳೇ ಡಬ್ಬಿ ಬೇಕೇ ಬೇಕಾ?

ಎಷ್ಟೋ ಸಲ ಬೇಡ. ನಿಮ್ಮ ಪ್ರೋಗ್ರಾಂ ಬರೀ ಡಾಸ್‌ನದಾಗಿದ್ದು, ಲಾಕ್ ಇಲ್ಲದೆ, ಪಟ್ಟಿ ಮುದ್ರಿಸುವುದಷ್ಟೇ ಕೆಲಸವಾಗಿದ್ದರೆ ಈಗಿನ ವಿಂಡೋಸ್ ಮೇಲೆಯೇ ವಿಡಾಸ್ ಎಂಬ ಸಾಫ್ಟ್‌ವೇರ್ ಹಾಕಿ ಓಡಿಸಬಹುದು. ಅದು ವ್ಯವಹಾರದ ಡಾಸ್ ಪ್ರೋಗ್ರಾಂಗಳಿಗೆಂದೇ ಮಾಡಿದ್ದು, ಯುಎಸ್‌ಬಿ ಪ್ರಿಂಟರಿಗೂ ಮುದ್ರಣ ಕಳಿಸುತ್ತದೆ. ಡಾಸ್‌ಬಾಕ್ಸ್ ಆಟಗಳಿಗಾಗಿ ಹುಟ್ಟಿದ್ದು, ಲೆಕ್ಕದ ಕೆಲಸಕ್ಕೆ ಅದನ್ನು ನೆಚ್ಚಬೇಡಿ. ಎಕ್ಸ್‌ಪಿ ಕಾಲದ ಸಾಫ್ಟ್‌ವೇರ್ ಆಗಿದ್ದು ಯಾವ ಕಾರ್ಡೂ ಲಾಕೂ ಇಲ್ಲದಿದ್ದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಹುಟ್ಟಿಸುವ ವರ್ಚುವಲ್‌ಬಾಕ್ಸ್ ಒಳಗೆ ಎಕ್ಸ್‌ಪಿ ಹಾಕಿ. ಯುಎಸ್‌ಬಿ ಲಾಕ್ ಸಾಮಾನ್ಯವಾಗಿ ಅದರೊಳಕ್ಕೆ ದಾಟುತ್ತದೆ. ಹಳೇ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ 25 ಪಿನ್ನಿನ ಪ್ಯಾರಲಲ್ ಲಾಕ್ ದಾಟುತ್ತದೆಂದು ನಂಬಬೇಡಿ.

ಇನ್ನೊಂದು ಮಧ್ಯದ ದಾರಿಯಿದೆ. 64 ಬಿಟ್ ವಿಂಡೋಸ್ ಯಾವುದೇ ಇರಲಿ, ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ಓಡುವುದಿಲ್ಲ. ಆದರೆ 32 ಬಿಟ್ ವಿಂಡೋಸ್ 7 ಅಥವಾ 10ರಲ್ಲಿ ಓಡುತ್ತದೆ. ಕೆಲವು ಸಾಫ್ಟ್‌ವೇರ್ ತಾನು 32 ಬಿಟ್ ಆಗಿದ್ದರೂ ಅದರ ಸೆಟಪ್ ಮಾತ್ರ 16 ಬಿಟ್. ಸಿಡಿ ಹಾಕಿದ ಕೂಡಲೇ ನಿಂತುಬಿಡುವುದು ಅದಕ್ಕೇ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಲಾಕ್, ಸೀರಿಯಲ್ ವೈರ್, ಒಳಗೆ ಸಿಕ್ಕಿಸುವ ಕಾರ್ಡ್, ಫ್ಲಾಪಿ. ಈ ನಾಲ್ಕರಲ್ಲಿ ಒಂದಾದರೂ ಇದ್ದರೆ ಹಳೇ ಡಬ್ಬಿಯೇ ನೆಮ್ಮದಿ.

ಸತ್ತ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ

ಅದರ ಹಿಂಭಾಗದ ಫೋಟೋ ತೆಗೆದುಕೊಳ್ಳಿ, ವೈರುಗಳು ಸಿಕ್ಕಿಸಿದ ಹಾಗೇ ಇರಲಿ. ಯಾವ ವೈರ್ ಎಲ್ಲಿಗೆ ಎಂಬ ಜಗಳ ಆಮೇಲೆ ಇರುವುದಿಲ್ಲ. ಮುಚ್ಚಳ ಬಿಚ್ಚಿ ಒಳಗಿನ ಕಾರ್ಡುಗಳನ್ನೂ ಫೋಟೋ ತೆಗೆಯಿರಿ. ಹಾರ್ಡ್‌ಡಿಸ್ಕ್ ಬಿಚ್ಚಿ ಜೋಪಾನವಾಗಿಡಿ. ಡಿಸ್ಕ್ ಜೀವಂತವಾಗಿದ್ದರೆ ಯುಎಸ್‌ಬಿ–ಐಡಿಇ ಅಡಾಪ್ಟರ್ ಹಾಕಿ (ಐಡಿಇ ಎಂದರೆ ಹಳೇ ಡಿಸ್ಕುಗಳ ಅಗಲ ಪಟ್ಟಿ ವೈರಿನ ಜೋಡಣೆ) ಕ್ಲೋನ್‌ಜಿಲ್ಲಾ ಎಂಬ ಸಾಫ್ಟ್‌ವೇರಿನಿಂದ ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚು, ತೆಗೆದಿಟ್ಟುಕೊಳ್ಳಿ. ಐಡಿಇ ಡಿಸ್ಕಿನ ಜಂಪರ್ ಮಾಸ್ಟರ್ ಸ್ಥಾನದಲ್ಲಿರಬೇಕು, ಸ್ಲೇವ್‌ನಲ್ಲಿದ್ದರೆ ಕೆಲವು ಅಡಾಪ್ಟರ್ ಡಿಸ್ಕನ್ನೇ ಕಾಣುವುದಿಲ್ಲ.

ಡಾಸ್ ಪ್ರೋಗ್ರಾಮಾದರೆ ಫೋಲ್ಡರ್ ನಕಲು ಮಾಡಿದರೆ ಸಾಕು, ಆದರೆ ಇಡೀ ಫೋಲ್ಡರ್. ಡಿಬಿಎಫ್ ಫೈಲುಗಳನ್ನಷ್ಟೇ ತಂದು ಸಿಡಿಎಕ್ಸ್, ಎಫ್‌ಪಿಟಿ ಬಿಟ್ಟುಬಂದರೆ ಫಾಕ್ಸ್‌ಪ್ರೊ ಇಂಡೆಕ್ಸ್ ಇಲ್ಲ, ಮೆಮೊ ಫೈಲ್ ಇಲ್ಲ ಎಂದು ಕೂಗುತ್ತದೆ. ಸಿ ಡ್ರೈವಿನ ಬುಡದಲ್ಲಿರುವ ಆಟೋಎಕ್ಸೆಕ್ ಮತ್ತು ಕಾನ್ಫಿಗ್ ಫೈಲುಗಳನ್ನೂ ತನ್ನಿ. ಎಕ್ಸ್‌ಪಿ ಇದ್ದ ಡಿಸ್ಕನ್ನು ಹಾಗೇ ಹೊಸ ಬೋರ್ಡಿಗೆ ಸಿಕ್ಕಿಸಿದರೆ ಓಡುತ್ತದೆ ಅಂತ ಎಣಿಸಬೇಡಿ. ಡಿಸ್ಕ್ ಕಂಟ್ರೋಲರ್ ಬೇರೆಯಾದರೆ 7ಬಿ ಎಂಬ ನೀಲಿ ಪರದೆ ಬಂದು ನಿಲ್ಲುತ್ತದೆ.

ಯಾವ ಕಾಲದ ಡಬ್ಬಿ?

ಎಕ್ಸ್‌ಪಿ ಬೇಕೆಂದವರಿಗೆ ನಮ್ಮ ಮೊದಲ ಆಯ್ಕೆ ಇಂಟೆಲ್ ಜಿ31 ಅಥವಾ ಜಿ41 ಚಿಪ್‌ಸೆಟ್ಟಿನ, 775 ಸಾಕೆಟ್ಟಿನ ಬೋರ್ಡ್. ಇದರ ದಕ್ಷಿಣ ಚಿಪ್, ಅಂದರೆ ಡಿಸ್ಕು, ಪೋರ್ಟು ನೋಡಿಕೊಳ್ಳುವ ಚಿಪ್, ಐಸಿಎಚ್7. ಅದರಲ್ಲಿ ಒಂದು ಐಡಿಇ ಸಾಲು, ನಾಲ್ಕು ಸಾಟಾ (ಈಚಿನ ಡಿಸ್ಕುಗಳ ಸಣ್ಣ ವೈರಿನ ಜೋಡಣೆ) ಇರುತ್ತವೆ. ಹೆಚ್ಚಿನ ಬೋರ್ಡುಗಳಲ್ಲಿ ಪಿಸಿಐ ಸ್ಲಾಟ್, ಪಿಎಸ್2 ಕೀಬೋರ್ಡ್ ತೂತು, ಪ್ಯಾರಲಲ್, ಸೀರಿಯಲ್ ಸಿಗುತ್ತವೆ. ಹಲವದರಲ್ಲಿ ಫ್ಲಾಪಿ ಕನೆಕ್ಟರೂ ಉಂಟು. ದೊಡ್ಡ ಅನುಕೂಲ ಇನ್ನೊಂದಿದೆ. ಸಾದಾ ಐಸಿಎಚ್7ಗೆ ಎಎಚ್‌ಸಿಐ ಎಂಬ ಸಾಟಾದ ಹೊಸ ವಿಧಾನ ಗೊತ್ತಿಲ್ಲ, ಸಾಟಾ ಡಿಸ್ಕನ್ನೂ ಐಡಿಇ ಥರವೇ ತೋರಿಸುತ್ತದೆ. ಹಾಗಾಗಿ ಎಕ್ಸ್‌ಪಿ ಸಿಡಿ ಫ್ಲಾಪಿಯಲ್ಲಿ ಡ್ರೈವರ್ ಕೊಡಿ ಎಂದು ಕೇಳದೆ ಇಳಿಯುತ್ತದೆ.

ಪ್ರೊಸೆಸರ್ ಕೋರ್ 2 ಡ್ಯುಯೊ ಅಥವಾ ಪೆಂಟಿಯಂ ಡ್ಯುಯಲ್ ಕೋರ್ ಇರಲಿ. ಎರಡು ಕೋರ್ ಯಾಕೆಂದರೆ, ಎಕ್ಸ್‌ಪಿಯಲ್ಲಿ ಡಾಸ್ ಫಾಕ್ಸ್‌ಪ್ರೊ ಸುಮ್ಮನೆ ಮೆನು ತೋರಿಸಿ ಕೂತಿದ್ದಾಗಲೂ ಒಂದು ಕೋರನ್ನು ನೂರಕ್ಕೆ ನೂರು ತಿನ್ನುತ್ತದೆ. ಒಂದೇ ಕೋರ್ ಇದ್ದರೆ ಮೌಸ್ ಕೂಡ ಎಳೆದೆಳೆದು ಓಡಾಡುತ್ತದೆ. ಪೆಂಟಿಯಂ 4 ಮತ್ತು ಪೆಂಟಿಯಂ ಡಿ ಬೇಡ. ಕೋರ್ 2 ಡ್ಯುಯೊ 65 ವ್ಯಾಟಿನದಾದರೆ ಪೆಂಟಿಯಂ ಡಿ 95ರಿಂದ 130 ವ್ಯಾಟಿನದು. ಏಪ್ರಿಲ್–ಮೇ ತಿಂಗಳ ದಾವಣಗೆರೆ ಬಿಸಿಲಲ್ಲಿ, ತಗಡಿನ ಮಾಡಿನ ಅಂಗಡಿಯೊಳಗೆ, ಆ ಕಾವು ಬೋರ್ಡನ್ನೇ ಬೇಯಿಸುತ್ತದೆ.

ರ‍್ಯಾಮ್ 2 ಜಿಬಿ ಧಾರಾಳ. 32 ಬಿಟ್ ಎಕ್ಸ್‌ಪಿಗೆ 4 ಜಿಬಿ ಹಾಕಿದರೂ ಸುಮಾರು 3.25 ಜಿಬಿ ಮಾತ್ರ ಸಿಗುವುದು. ಜಿ41 ಬೋರ್ಡುಗಳಲ್ಲಿ ಡಿಡಿಆರ್2ರವೂ ಇವೆ, ಡಿಡಿಆರ್3ರವೂ ಇವೆ. ಡಿಡಿಆರ್3 ಆದರೆ ಎಂಟೇ ಚಿಪ್ಪಿರುವ 4 ಜಿಬಿಯ ಒಂದೇ ಕಡ್ಡಿ ಹಾಕಬೇಡಿ, ಈ ಚಿಪ್‌ಸೆಟ್ಟಿಗೆ ಅಷ್ಟು ದಟ್ಟದ ಚಿಪ್ ಓದಲು ಬರುವುದಿಲ್ಲ. 1 ಅಥವಾ 2 ಜಿಬಿಯ ಹಳೇ ಕಡ್ಡಿಗಳೇ ಸರಿ.

ಎಕ್ಸ್‌ಪಿಗೆ ಮೇಲಿನ ಗಡಿ ಎಂದರೆ ಮೂರನೇ ತಲೆಮಾರಿನ ಐ3, ಐ5, ಎಚ್61ರಂಥ ಬೋರ್ಡುಗಳು. ಆ ಪ್ರೊಸೆಸರುಗಳ ಗ್ರಾಫಿಕ್ಸಿಗೆ ಇಂಟೆಲ್ ಎಕ್ಸ್‌ಪಿ ಡ್ರೈವರ್ ಕೊಟ್ಟಿತ್ತು, ನಾಲ್ಕನೇ ತಲೆಮಾರಿಗೆ ಕೊಡಲಿಲ್ಲ. ಎಚ್61ನಲ್ಲಿ ಐಡಿಇ, ಫ್ಲಾಪಿ ಇರುವುದಿಲ್ಲ. ಡಿಸ್ಕ್ ಮೋಡ್ ಎಎಚ್‌ಸಿಐನಲ್ಲಿದ್ದರೆ ಬಯಾಸಿಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆಗೆ) ಹೋಗಿ ಐಡಿಇಗೆ ಬದಲಿಸಿಯೇ ಎಕ್ಸ್‌ಪಿ ಹಾಕಬೇಕು. 7 ಸರಣಿಯ ಚಿಪ್‌ಸೆಟ್ ಆದರೆ ಯುಎಸ್‌ಬಿ 3 ತೂತಿಗೆ ಎಕ್ಸ್‌ಪಿಯಲ್ಲಿ ಇಂಟೆಲ್ ಡ್ರೈವರ್ ಇಲ್ಲ, ಬಯಾಸಿನಲ್ಲಿ ಎಕ್ಸ್‌ಎಚ್‌ಸಿಐ (ಯುಎಸ್‌ಬಿ 3ರ ಕಂಟ್ರೋಲರ್) ಆಫ್ ಮಾಡಿದರೆ ಯುಎಸ್‌ಬಿ 2 ಆಗಿ ಕೆಲಸಕ್ಕೆ ಬರುತ್ತದೆ.

ವಿಂಡೋಸ್ 7 ಸಾಕೆನ್ನುವವರು ನಾಲ್ಕನೇ ತಲೆಮಾರಿನವರೆಗೆ ಕಣ್ಣುಮುಚ್ಚಿ ಹೋಗಬಹುದು. ಆರನೆಯದಕ್ಕೆ ಹೋದರೆ ತಲೆನೋವು ಶುರು. ಅಲ್ಲಿ ಯುಎಸ್‌ಬಿ ಎಲ್ಲ ಎಕ್ಸ್‌ಎಚ್‌ಸಿಐ, ವಿಂಡೋಸ್ 7ರ ಡಿವಿಡಿಯಲ್ಲಿ ಅದರ ಡ್ರೈವರ್ ಇಲ್ಲ, ಸೆಟಪ್ ಮಧ್ಯದಲ್ಲಿ ಕೀಬೋರ್ಡ್, ಮೌಸ್ ಎರಡೂ ಸತ್ತುಹೋಗುತ್ತವೆ. ಇನ್ನೂ ಒಂದು ಮಾತು: ವಿಂಡೋಸ್ 7ರಲ್ಲಿ ಅದರದೇ ಗ್ರಾಫಿಕ್ಸ್ ಡ್ರೈವರ್ ಹಾಕಿದ ಮೇಲೆ ಡಾಸ್ ಪ್ರೋಗ್ರಾಂ ಫುಲ್ ಸ್ಕ್ರೀನ್ ಆಗುವುದಿಲ್ಲ, ಸಣ್ಣ ಕಿಟಕಿಯಲ್ಲೇ ನೋಡಬೇಕು. ವಯಸ್ಸಾದ ಗುಮಾಸ್ತರು ಎಂಟ್ರಿ ಮಾಡುವ ಅಂಗಡಿಯಾದರೆ ಇದೊಂದೇ ಕಾರಣಕ್ಕೆ ಎಕ್ಸ್‌ಪಿ ಆರಿಸಬಹುದು.

ವಿಂಡೋಸ್ 98 ಬೇಕೇ ಬೇಕೆಂದರೆ 845 ಅಥವಾ 865 ಚಿಪ್‌ಸೆಟ್ಟಿನ ಪೆಂಟಿಯಂ 4ಕ್ಕೆ ಇಳಿಯಲೇಬೇಕು. 915ರಿಂದ ಮೇಲೆ ಇಂಟೆಲ್ 98ಕ್ಕೆ ಡ್ರೈವರ್ ಕೊಟ್ಟಿಲ್ಲ. ರ‍್ಯಾಮ್ 512 ಎಂಬಿಗೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿಯಾದರೆ ಮೆಮೊರಿ ಸಾಲದು ಎಂಬ ವಿಚಿತ್ರ ಸಂದೇಶ ಬರುತ್ತದೆ. ಡಿಸ್ಕ್ 137 ಜಿಬಿ ದಾಟಬಾರದು. ಉದ್ದನೆಯ ಕಪ್ಪು ಐಎಸ್‌ಎ ಸ್ಲಾಟಿಗೆ ಹೋಗುವ ಕಾರ್ಡ್ ಇದ್ದರೆ, ಅಂದರೆ ಹರಿಹರದ ವರ್ಕ್‌ಶಾಪುಗಳ ಹಳೇ ಯಂತ್ರದ ಕಾರ್ಡೋ ಡಾಸ್‌ನಲ್ಲಿ ಕನ್ನಡ ಮೂಡಿಸುವ 90ರ ದಶಕದ ಜಿಸ್ಟ್ ಕಾರ್ಡೋ ಇದ್ದರೆ, 440ಬಿಎಕ್ಸ್ ಚಿಪ್‌ಸೆಟ್ಟಿನ ಪೆಂಟಿಯಂ 2 ಅಥವಾ 3 ಹುಡುಕಿ. ಅಂಥ ಕೆಲವು ಕಾರ್ಡಿಗೆ ಮೈನಸ್ 5 ವೋಲ್ಟ್ ಬೇಕು. ಈಗಿನ ಎಸ್‌ಎಂಪಿಎಸ್‌ಗಳಲ್ಲಿ (ಒಳಗೆ ಕರೆಂಟ್ ಕೊಡುವ ಪೆಟ್ಟಿಗೆಗಳಲ್ಲಿ) ಆ ಬಿಳಿ ವೈರೇ ಇರುವುದಿಲ್ಲ, ಆದ್ದರಿಂದ ಹಳೇ ಎಸ್‌ಎಂಪಿಎಸ್ ಸಮೇತ ಕೊಳ್ಳಿ.

ಬೆನ್ನಿನ ಲೆಕ್ಕ: ಎಲ್‌ಪಿಟಿ, ಕಾಂ, ಲಾಕ್

ನೇರಳೆ ಅಥವಾ ಗುಲಾಬಿ ಬಣ್ಣದ 25 ತೂತಿನ ಪೋರ್ಟ್ ಪ್ಯಾರಲಲ್, ಕಂಪ್ಯೂಟರ್ ಅದನ್ನು ಎಲ್‌ಪಿಟಿ ಅನ್ನುತ್ತದೆ. 9 ಪಿನ್ನಿನ ಸೀರಿಯಲ್ ಪೋರ್ಟಿಗೆ ಕಾಂ ಎಂದು ಹೆಸರು. ಲಾಕ್ ಸಿಕ್ಕಿಸುವುದು ಪ್ಯಾರಲಲ್ಲಿಗೇ, ಲಾಕಿನ ಬೆನ್ನಿಗೆ ಪ್ರಿಂಟರ್ ವೈರ್. ಈ ಲಾಕ್ ಪೋರ್ಟಿನ ವಿಳಾಸವನ್ನೇ ನೇರವಾಗಿ ಮುಟ್ಟಿ ಮಾತಾಡುತ್ತದೆ, ಆ ವಿಳಾಸ ಸಾಮಾನ್ಯವಾಗಿ 378. ಮದರ್‌ಬೋರ್ಡಿನ ಸ್ವಂತ ಪೋರ್ಟ್ ಆ ವಿಳಾಸದಲ್ಲೇ ಕೂರುತ್ತದೆ. ಪಿಸಿಐ ಸ್ಲಾಟಿಗೆ ಹಾಕುವ ಪ್ಯಾರಲಲ್ ಕಾರ್ಡ್ ಬೇರೆ ವಿಳಾಸದಲ್ಲಿ ಕೂರುತ್ತದೆ, ಪ್ರಿಂಟರ್ ಓಡಿದರೂ ಹಳೇ ಲಾಕ್ ಸಿಗದೇ ಹೋಗಬಹುದು. ಯುಎಸ್‌ಬಿ–ಪ್ಯಾರಲಲ್ ವೈರಂತೂ ಲಾಕಿಗೆ ದಂಡ. ಅದು ಪ್ರಿಂಟರಿಗೆ ಮಾತ್ರ ಮಾಡಿದ್ದು, ಎಲ್‌ಪಿಟಿ1 ಅನ್ನೇ ಹುಟ್ಟಿಸುವುದಿಲ್ಲ. “ಇದು ಹಾಕಿ ಸಾರ್, ಎಲ್ಲಾ ಆಗುತ್ತೆ” ಎಂದು ಕೊಟ್ಟ ಈ ವೈರು ಎಷ್ಟು ಅಂಗಡಿಗಳ ಡ್ರಾಯರಿನಲ್ಲಿ ಕೊಳೆಯುತ್ತಿದೆಯೋ.

ಡಬ್ಬಿಯ ಹಿಂದೆ ಪೋರ್ಟ್ ಕಾಣದಿದ್ದರೆ ಬಿಡಬೇಡಿ, ಮುಚ್ಚಳ ತೆಗೆಸಿ. ಎಷ್ಟೋ ಜಿ41, ಎಚ್61 ಬೋರ್ಡುಗಳಲ್ಲಿ ಎಲ್‌ಪಿಟಿ ಮತ್ತು ಕಾಂ ಎಂದು ಬರೆದ ಪಿನ್ ಸಾಲು ಬೋರ್ಡಿನ ಅಂಚಿನಲ್ಲೇ ಇರುತ್ತದೆ. ತಗಡಿನ ಪಟ್ಟಿಯಿರುವ ಕೇಬಲ್ ತಂದು ಸಿಕ್ಕಿಸಿದರೆ ಅಸಲಿ ಪೋರ್ಟೇ ಸಿಗುತ್ತದೆ. ಕಾಂ ಕೇಬಲಿನಲ್ಲಿ ಎರಡು ಜಾತಿಯ ಪಿನ್ ಜೋಡಣೆ ಚಾಲ್ತಿಯಲ್ಲಿವೆ. ನೋಡಲು ಎರಡೂ ಒಂದೇ, ತಪ್ಪು ಜಾತಿಯದು ಹಾಕಿದರೆ ವೇಬ್ರಿಡ್ಜಿನ ತೂಕ ಬರುವುದೇ ಇಲ್ಲ. ಕಾಂ ಪೋರ್ಟ್ ಪರೀಕ್ಷೆ ಸುಲಭ. 9 ಪಿನ್ನಿನ ಪೋರ್ಟಿನಲ್ಲಿ 2 ಮತ್ತು 3ನೇ ಪಿನ್ನನ್ನು ಸಣ್ಣ ವೈರಿನಿಂದ ಜೋಡಿಸಿ. ಎಕ್ಸ್‌ಪಿಯಲ್ಲಿ ಹೈಪರ್‌ಟರ್ಮಿನಲ್ ತೆರೆದು ಕಾಂ1 ಆರಿಸಿ, ಫ್ಲೋ ಕಂಟ್ರೋಲ್ ಬೇಡವೆಂದು ಹೇಳಿ, ಏನಾದರೂ ಟೈಪ್ ಮಾಡಿ. ಒತ್ತಿದ ಅಕ್ಷರ ಪರದೆ ಮೇಲೆ ಬಂದರೆ ಪೋರ್ಟೂ ಕೇಬಲ್ಲೂ ಸರಿ. ವೈರ್ ತೆಗೆದ ಮೇಲೆ ಅಕ್ಷರ ನಿಲ್ಲಬೇಕು, ನಿಲ್ಲದಿದ್ದರೆ ನೀವು ನೋಡಿದ್ದು ಎಕೋ ಸೆಟ್ಟಿಂಗ್, ಪೋರ್ಟಲ್ಲ.

ವೇಬ್ರಿಡ್ಜ್ ಇಂಡಿಕೇಟರಿನ ಬಾಡ್ ರೇಟ್, ಪ್ಯಾರಿಟಿ ಹಳೇ ಕಂಪ್ಯೂಟರಿನಲ್ಲಿ ಏನಿತ್ತೋ ಅದನ್ನೇ ಬರೆದುಕೊಳ್ಳಿ. 2400 ಇದ್ದ ಕಡೆ 9600 ಇಟ್ಟರೆ ತೂಕದ ಬದಲು ಕಸದ ಅಕ್ಷರ ಬರುತ್ತದೆ. ಸೀರಿಯಲ್ಲಿಗೆ ಯುಎಸ್‌ಬಿ ವೈರ್ ಬಳಸಬಹುದು, ಪ್ಯಾರಲಲ್ಲಿನಷ್ಟು ಕಷ್ಟವಿಲ್ಲ. ಆದರೆ ನಕಲಿ ಪ್ರೊಲಿಫಿಕ್ ಚಿಪ್ಪಿನ ವೈರಿಗೆ ಹೊಸ ಡ್ರೈವರ್ ಕೋಡ್ 10 ಎಂದು ಬಾಗಿಲು ಹಾಕುತ್ತದೆ. ಅಸಲಿ ಎಫ್‌ಟಿಡಿಐ ಚಿಪ್ಪಿನದು ತನ್ನಿ. ಅದನ್ನು ಯಾವಾಗಲೂ ಒಂದೇ ಯುಎಸ್‌ಬಿ ತೂತಿಗೆ ಹಾಕಿ, ತೂತು ಬದಲಾದರೆ ಕಾಂ ಸಂಖ್ಯೆಯೂ ಬದಲಾಗಬಹುದು.

ಪ್ಯಾರಲಲ್ ಪರೀಕ್ಷೆಗೆ ನಿಮ್ಮ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೇ ಅಂಗಡಿಗೆ ಒಯ್ಯಿರಿ, ಟಿವಿಎಸ್ಸೋ ಎಪ್ಸನ್ನೋ ಯಾವುದಿದೆಯೋ ಅದು. ಕಮಾಂಡ್ ಪ್ರಾಂಪ್ಟಿನಲ್ಲಿ ಡಿಐಆರ್ ಬರೆದು, ಬಲಕ್ಕೆ ಬಾಗಿದ ಬಾಣದ ಗುರುತು ಹಾಕಿ, ಎಲ್‌ಪಿಟಿ1 ಎಂದು ಬರೆದು ಎಂಟರ್ ಒತ್ತಿ. ಡ್ರೈವರ್ ಏನೂ ಬೇಡ, ಫೈಲುಗಳ ಪಟ್ಟಿ ಕಾಗದದ ಮೇಲೆ ಕಿರುಗುಟ್ಟುತ್ತಾ ಬರಬೇಕು. ಅಕ್ಷರ ತಪ್ಪಿಹೋದರೆ ಪೋರ್ಟಿನ ಯಾವುದೋ ಡೇಟಾ ಪಿನ್ ಸುಟ್ಟಿದೆ, ಆ ಬೋರ್ಡ್ ಬೇಡ.

ಲಾಕ್ ಸಿಗುತ್ತಿಲ್ಲ ಎಂದು ಸಾಫ್ಟ್‌ವೇರ್ ಹೇಳಿದರೆ ಗಾಬರಿಯಾಗುವ ಮುಂಚೆ ಪ್ರಿಂಟರ್ ಆನ್ ಇದೆಯಾ ನೋಡಿ. ವೈರ್ ಸಿಕ್ಕಿಸಿ ಪ್ರಿಂಟರ್ ಆಫ್ ಇಟ್ಟರೆ ಅದು ಲಾಕಿನ ಕರೆಂಟನ್ನು ಎಳೆದುಕೊಂಡು ಲಾಕ್ ಕಾಣದ ಹಾಗೆ ಮಾಡುವುದುಂಟು. ಆಮೇಲೆ ಬಯಾಸಿನಲ್ಲಿ ಪ್ಯಾರಲಲ್ ಮೋಡನ್ನು ಎಸ್‌ಪಿಪಿ, ಇಪಿಪಿ, ಇಸಿಪಿ ಎಂದು ಒಂದೊಂದಾಗಿ ಬದಲಿಸಿ ನೋಡಿ. ಎಕ್ಸ್‌ಪಿಯಲ್ಲಿ ಲಾಕಿಗೆ ಅದರ ಡ್ರೈವರೂ ಬೇಕು. ಹ್ಯಾಸ್ಪ್ ಅಥವಾ ಸೆಂಟಿನೆಲ್ ಎಂಬ ಹೆಸರು ಲಾಕಿನ ಮೈಮೇಲೇ ಇರುತ್ತದೆ. ಕಂಪ್ಯೂಟರ್ ಆನ್ ಇರುವಾಗ ಲಾಕ್ ಹಾಕುವುದು ತೆಗೆಯುವುದು ಮಾಡಬೇಡಿ. ಅದು ಸುಟ್ಟರೆ ಸಾಫ್ಟ್‌ವೇರ್ ಕೊಂಡ ಹಣವೂ ಹೋದ ಹಾಗೆ.

ಅಂಗಡಿಯಲ್ಲಿ ಮುಚ್ಚಳ ತೆಗೆಸಿದಾಗ

ಮೊದಲು ಕೆಪಾಸಿಟರ್. ಪ್ರೊಸೆಸರಿನ ಸುತ್ತ ನಿಂತಿರುವ ಸಣ್ಣ ಡಬ್ಬಿಗಳ ತಲೆಯ ಮೇಲೆ ಅಧಿಕ ಚಿಹ್ನೆಯಂಥ ಗೀರು ಇರುತ್ತದೆ. ತಲೆ ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ಪುಡಿ ಒಸರಿದ್ದರೆ, ಆ ಬೋರ್ಡ್ ಇವತ್ತು ಓಡಿದರೂ ನಾಳೆ ತಾನಾಗೇ ರೀಸ್ಟಾರ್ಟ್ ಆಗಲು ಶುರು ಮಾಡುತ್ತದೆ. ಸುಮಾರು 2002ರಿಂದ 2007ರವರೆಗಿನ ಬೋರ್ಡುಗಳಲ್ಲಿ ಇದು ದೊಡ್ಡ ಪಿಡುಗು. ಆಮೇಲಿನ ಕೆಲವು ಜಿ41 ಬೋರ್ಡುಗಳಲ್ಲಿ ಗೀರಿಲ್ಲದ, ಲೋಹದ ತಲೆಯ ಸಾಲಿಡ್ ಕೆಪಾಸಿಟರ್ ಇರುತ್ತವೆ, ಸಿಕ್ಕರೆ ಅದನ್ನೇ ಆರಿಸಿ.

ಧೂಳು ಇರುವುದು ತಪ್ಪಲ್ಲ, ಯಾವ ಧೂಳು ಎಂಬುದು ಮುಖ್ಯ. ಮೆಕ್ಕೆಜೋಳದ ಹೊಟ್ಟು, ಹತ್ತಿಯ ನಾರು ಬ್ಲೋಯರ್ ಹೊಡೆದರೆ ಹಾರಿಹೋಗುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಇದ್ದ ಡಬ್ಬಿಯ ಮಸಿ, ಎಣ್ಣೆ ಮಿಲ್ಲಿನ ಜಿಡ್ಡು ಹಾಗಲ್ಲ. ಅದು ಫ್ಯಾನಿನ ಎಲೆಗೂ ಸ್ಲಾಟಿನ ಪಿನ್ನಿಗೂ ಅಂಟಿಕೊಂಡಿರುತ್ತದೆ. ಅಂಥದ್ದನ್ನು ಬಿಡಿ. ಬ್ಲೋಯರ್ ಹೊಡೆಯುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದಿರಲು ಹೇಳಿ, ಸುಮ್ಮನೆ ಗಿರಗಿರ ತಿರುಗಿಸಿದರೆ ಬೇರಿಂಗ್ ಹೋಗುತ್ತದೆ. ಮೂಲೆಯ ಸ್ಕ್ರೂಗಳ ಹತ್ತಿರ ಬಿಳಿ ತುಕ್ಕು, ಇಲಿ ಮೂತ್ರದ ಕಲೆ ಇದೆಯೇ ನೋಡಿ. ಗೋಡೌನಿನಲ್ಲಿ ಬಿದ್ದಿದ್ದ ಡಬ್ಬಿಯ ಗುರುತು ಅದು.

ಎಸ್‌ಎಂಪಿಎಸ್ ಹಿಂದೆ ಕೆಂಪು ಸ್ವಿಚ್ಚಿದ್ದರೆ 230 ಕಾಣಬೇಕು. 115ರಲ್ಲಿ ಇಟ್ಟು ಪ್ಲಗ್ ಹಾಕಿದರೆ ಢಮ್ ಅನ್ನುತ್ತದೆ. ಮಲ್ಟಿಮೀಟರ್ ಇದ್ದರೆ, ಕಂಪ್ಯೂಟರ್ ಓಡುತ್ತಿರುವಾಗಲೇ ಖಾಲಿ ಇರುವ ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ ಅಳೆಯಿರಿ. ಕಪ್ಪಿನಿಂದ ಹಳದಿಗೆ 11.4ರಿಂದ 12.6, ಕಪ್ಪಿನಿಂದ ಕೆಂಪಿಗೆ 4.75ರಿಂದ 5.25 ವೋಲ್ಟ್ ಒಳಗಿರಬೇಕು. ಆಚೆ ಹೋದರೆ ಎಸ್‌ಎಂಪಿಎಸ್ ಬದಲಿಸಿಯೇ ಕೊಡಲಿ. ಬ್ರಾಂಡೆಡ್ ಕಂಪನಿಯ ಸಣ್ಣ ಡಬ್ಬಿಗಳ ವಿಷಯದಲ್ಲಿ ಇದು ಕಷ್ಟ. ಅವುಗಳ ಎಸ್‌ಎಂಪಿಎಸ್ ಆಕಾರವೇ ಬೇರೆ, ಸುಟ್ಟರೆ ಅದೇ ಮಾಡೆಲಿನದು ಹುಡುಕಬೇಕು. ಮೇಲಾಗಿ ಅವುಗಳಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ. ಕಾರ್ಡ್ ಇರುವವರು ಟವರನ್ನೇ ಕೊಳ್ಳಿ.

ಬ್ರಾಂಡೆಡ್ ಟವರಿಗೆ ಅದರದೇ ಲಾಭವೂ ಇದೆ. ಮೈಮೇಲೆ ಎಕ್ಸ್‌ಪಿ ಪ್ರೊಫೆಷನಲ್ ಸ್ಟಿಕ್ಕರ್ ಇದ್ದು, ಅದೇ ಕಂಪನಿಯ ರಿಸ್ಟೋರ್ ಸಿಡಿಯೂ ಸಿಕ್ಕರೆ, ಎಕ್ಸ್‌ಪಿ ಬಯಾಸನ್ನು ಗುರುತಿಸಿ ಆಕ್ಟಿವೇಶನ್ ಕೇಳದೆ ಕೂರುತ್ತದೆ. ಆದರೆ ಬಯಾಸ್ ತೆರೆದು ತೋರಿಸಲು ಹೇಳಿ. ಆಫೀಸು, ಕಾಲೇಜು ಲ್ಯಾಬುಗಳಿಂದ ಲಾಟಿನಲ್ಲಿ ಬಂದ ಡಬ್ಬಿಗಳಿಗೆ ಪಾಸ್‌ವರ್ಡ್ ಹಾಕಿರುತ್ತಾರೆ. ಅದು ತೆಗೆಯಲಾಗದಿದ್ದರೆ ಡಿಸ್ಕ್ ಮೋಡಾಗಲಿ ಪ್ಯಾರಲಲ್ ಮೋಡಾಗಲಿ ಬದಲಿಸಲು ನಿಮ್ಮ ಕೈಲಾಗದು.

ಅಲ್ಲೇ ಬಯಾಸಿನ ದಿನಾಂಕವನ್ನೂ ನೋಡಿ. ಹಲವು ವರ್ಷ ಹಿಂದಿನ ಜನವರಿ 1 ತೋರಿಸಿದರೆ ಸಿಎಮ್‌ಒಎಸ್ ಬ್ಯಾಟರಿ ಸತ್ತಿದೆ. ಸಿಆರ್2032, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸಣ್ಣ ವಸ್ತುವೆಂದು ಮುಂದೂಡಬೇಡಿ. ಡಾಸ್ ಬಿಲ್ಲಿಂಗ್ ಪ್ರೋಗ್ರಾಂ ತಾರೀಖನ್ನು ಅಲ್ಲಿಂದಲೇ ಎತ್ತುತ್ತದೆ, ಹೋದ ವರ್ಷದ ತಾರೀಖಿನಲ್ಲಿ ಇಡೀ ದಿನದ ಪಟ್ಟಿ ಮುದ್ರಿಸಿ ಕೂತರೆ ವರ್ಷದ ಕೊನೆಯ ಲೆಕ್ಕದಲ್ಲಿ ಅದನ್ನು ಹುಡುಕುವ ಪಾಡು ಯಾರಿಗೂ ಬೇಡ.

ರ‍್ಯಾಮಿಗೆ ಮೆಮ್‌ಟೆಸ್ಟ್ ಪೆನ್‌ಡ್ರೈವಿನಿಂದ ಒಂದು ಪೂರ್ತಿ ಸುತ್ತು ಓಡಿಸಿ, ಒಂದೇ ಒಂದು ಕೆಂಪು ಸಾಲು ಬಂದರೂ ಕಡ್ಡಿ ಬದಲಿಸಿ. ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ. ಅದರಲ್ಲಿ ಕೆಟ್ಟ ಸೆಕ್ಟರುಗಳನ್ನು ಎಣಿಸುವ 05, ಸಿ5, ಸಿ6 ಎಂಬ ಮೂರು ಸಾಲುಗಳ ಕಚ್ಚಾ ಮೌಲ್ಯ ಸೊನ್ನೆ ಇರಬೇಕು. ಓಡಿದ ಗಂಟೆಗಳನ್ನೂ ಅದು ಹೇಳುತ್ತದೆ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನವೆಂದರೆ 3,000 ಗಂಟೆ. 30,000 ತೋರಿಸುವ ಡಿಸ್ಕ್ ಹತ್ತು ವರ್ಷ ದುಡಿದಿದೆ ಎಂದರ್ಥ, ಅದರ ಮೇಲೆ ಲೆಕ್ಕ ಇಡಬೇಡಿ. ನಿಜ ಹೇಳಬೇಕೆಂದರೆ ಹಳೇ ಡಿಸ್ಕನ್ನು ಲೆಕ್ಕಕ್ಕೇ ಹಿಡಿಯದೆ ಸಣ್ಣ ಹೊಸ ಸಾಟಾ ಎಸ್‌ಎಸ್‌ಡಿ ಹಾಕಿಬಿಡುವುದು ಜಾಣತನ. ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಎಕ್ಸ್‌ಪಿಗೆ ಗೊತ್ತಿಲ್ಲ, ಪಾರ್ಟಿಶನ್ನನ್ನು ಎಸ್‌ಎಸ್‌ಡಿಯ ಅಳತೆಗೆ ಹೊಂದದ 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ. ಆದ್ದರಿಂದ ವಿಂಡೋಸ್ 7ರ ಡಿವಿಡಿಯಿಂದ ಮೊದಲೇ ಪಾರ್ಟಿಶನ್ ಮಾಡಿಕೊಂಡು, ಮೂರನೇ ಒಂದು ಭಾಗ ಖಾಲಿ ಬಿಟ್ಟು, ಆಮೇಲೆ ಎಕ್ಸ್‌ಪಿ ಇಳಿಸಿ.

ಇಳಿಸಿದ ಮೇಲೆ ಬರುವ ತಕರಾರು

ಫಾಕ್ಸ್‌ಪ್ರೊ ತೆರೆದಾಗ ಫೈಲುಗಳು ಜಾಸ್ತಿಯಾದವು ಎಂದರೆ, ವಿಂಡೋಸ್ ಫೋಲ್ಡರಿನ ಸಿಸ್ಟಂ32 ಒಳಗಿನ ಕಾನ್ಫಿಗ್ ಡಾಟ್ ಎನ್‌ಟಿ ಫೈಲಿನಲ್ಲಿ ಫೈಲ್ಸ್ ಎಂಬ ಸಂಖ್ಯೆಯನ್ನು 99ಕ್ಕೆ ಏರಿಸಿ. ಹಳೇ ಕಾನ್ಫಿಗ್ ಫೈಲನ್ನು ಸಿ ಡ್ರೈವಿನ ಬುಡದಲ್ಲಿ ಇಟ್ಟರೆ ಎಕ್ಸ್‌ಪಿ ತಿರುಗಿಯೂ ನೋಡುವುದಿಲ್ಲ. ಸೊನ್ನೆಯಿಂದ ಭಾಗಿಸಿದ ದೋಷ ಅಥವಾ ರನ್‌ಟೈಮ್ ಎರರ್ 200 ಬಂದರೆ ಕಂಪ್ಯೂಟರ್ ಕೆಟ್ಟಿಲ್ಲ, ರ‍್ಯಾಮೂ ಕೆಟ್ಟಿಲ್ಲ. ಟರ್ಬೊ ಪಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂ ಶುರುವಿನಲ್ಲಿ ಪ್ರೊಸೆಸರಿನ ವೇಗ ಅಳೆಯಲು ಹೋಗಿ, ಅದು ತನ್ನ ಕಾಲದ ಊಹೆಗೂ ಮೀರಿದ್ದರಿಂದ ಎಡವುತ್ತದೆ. ಅದಕ್ಕೆ ಪ್ಯಾಚ್ ಇದೆ. ಪ್ಯಾಚ್ ಮಾಡುವ ಮುಂಚೆ ಮೂಲ ಫೈಲಿನ ಒಂದು ನಕಲು ಇಟ್ಟುಕೊಳ್ಳಿ.

ಪ್ರಿಂಟರ್ ಯುಎಸ್‌ಬಿಯದಾಗಿದ್ದು ಪ್ರೋಗ್ರಾಂ ಎಲ್‌ಪಿಟಿ1 ಬಿಟ್ಟು ಬೇರೇನೂ ಅರಿಯದಿದ್ದರೆ, ಪ್ರಿಂಟರನ್ನು ಶೇರ್ ಮಾಡಿ, ನೆಟ್ ಯೂಸ್ ಕಮಾಂಡಿನಿಂದ ಎಲ್‌ಪಿಟಿ1 ಅನ್ನು ಆ ಶೇರಿಗೆ ಕಟ್ಟಿ. ಪರ್ಸಿಸ್ಟೆಂಟ್ ಎಂದು ಸೇರಿಸಿದರೆ ರೀಸ್ಟಾರ್ಟ್ ಆದರೂ ಉಳಿಯುತ್ತದೆ. ಇದು ಡಾಟ್ ಮ್ಯಾಟ್ರಿಕ್ಸಿಗೆ ಸರಿ. ಅಗ್ಗದ ಲೇಸರ್ ಪ್ರಿಂಟರಿಗೆ ಬರಿಯ ಅಕ್ಷರ ಕಳಿಸಿದರೆ ಅರ್ಥವಾಗುವುದಿಲ್ಲ, ದೀಪ ಮಿನುಗಿಸಿ ಸುಮ್ಮನಾಗುತ್ತದೆ.

ಡಿಟಿಪಿಯವರಿಗೆ ಎರಡೇ ಮಾತು. ಪೇಜ್‌ಮೇಕರ್ ತೆರೆಯುವ ಮುಂಚೆ ಯಾವುದಾದರೂ ಒಂದು ಪ್ರಿಂಟರ್ ಡೀಫಾಲ್ಟ್ ಆಗಿರಬೇಕು, ಇಲ್ಲದಿದ್ದರೆ ಅದು ಕಿರಿಕಿರಿ ಮಾಡುತ್ತದೆ. ನುಡಿಯ ಹಳೇ ಆಸ್ಕಿ ಫಾಂಟಿಗೆ ಎಕ್ಸ್‌ಪಿಯಲ್ಲಿ ಬೇರೇನೂ ಬೇಡ, ಆದರೆ ಯೂನಿಕೋಡ್ ಕನ್ನಡ ಒಡೆದು ಕಾಣದಿರಲು ರೀಜನಲ್ ಸೆಟ್ಟಿಂಗ್ಸಿನಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟಿನ ಬೆಂಬಲ ಹಾಕಬೇಕು. ಆಗ ಎಕ್ಸ್‌ಪಿ ಸಿಡಿ ಕೇಳುತ್ತದೆ, ಕೈಯಲ್ಲಿರಲಿ.

ಈ ಡಬ್ಬಿಯನ್ನು ಇಂಟರ್ನೆಟ್ಟಿಗೆ ಕಟ್ಟಬೇಡಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿಯಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ಜಿಎಸ್‌ಟಿ, ಬ್ಯಾಂಕ್ ಕೆಲಸಕ್ಕೆ ಬೇರೆ ಕಂಪ್ಯೂಟರ್ ಇರಲಿ. ಎರಡರ ನಡುವೆ ಫೈಲ್ ಶೇರಿಂಗ್ ಆಗುವುದಿಲ್ಲವೆಂದು ಕೇಬಲ್ ಹುಡುಗನನ್ನು ಬೈಯಬೇಡಿ. ಎಕ್ಸ್‌ಪಿ ಬಳಸುವ ಎಸ್‌ಎಂಬಿ1 ಎಂಬ ಹಳೇ ಫೈಲ್ ಶೇರಿಂಗ್ ಪದ್ಧತಿಯನ್ನು ಹೊಸ ವಿಂಡೋಸಿನಲ್ಲಿ ಮೊದಲಿಂದಲೇ ಆಫ್ ಮಾಡಿರುತ್ತಾರೆ, ಅದನ್ನು ತೆರೆಯುವುದು ಕಳ್ಳನಿಗೆ ಕೀಲಿ ಕೊಟ್ಟ ಹಾಗೆ. ಈ ಕೆಲಸಕ್ಕೇ ಮೀಸಲಾದ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ, ಎಕ್ಸ್‌ಪಿಯಲ್ಲಿ ಆಟೋರನ್ ಆಫ್ ಮಾಡಿ.

ಯುಪಿಎಸ್ ಇಲ್ಲದೆ ಓಡಿಸಲೇಬೇಡಿ. ಕರೆಂಟ್ ಹೋದ ಕ್ಷಣಕ್ಕೆ ಡಿಬಿಎಫ್ ತೆರೆದಿದ್ದರೆ ಅದರ ತಲೆಬರಹದಲ್ಲಿನ ದಾಖಲೆಗಳ ಎಣಿಕೆ ಕೆಡುತ್ತದೆ, ಮರುದಿನ ಅದು ಡೇಟಾಬೇಸೇ ಅಲ್ಲ ಎಂದು ಫಾಕ್ಸ್‌ಪ್ರೊ ಹೇಳುತ್ತದೆ.

ಕೊಳ್ಳುವಾಗ ಒಂದೇ ಲಾಟಿನ, ಒಂದೇ ಮಾಡೆಲಿನ ಎರಡು ಡಬ್ಬಿ ತನ್ನಿ. ದಾವಣಗೆರೆ, ಚಿತ್ರದುರ್ಗದ ಅಂಗಡಿಗಳಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಬಹುದು. ಪಾರ್ಸೆಲ್ ಲಾರಿಯಲ್ಲಿ ಬರುವುದಾದರೆ ಪ್ರೊಸೆಸರಿನ ಮೇಲಿನ ಹೀಟ್‌ಸಿಂಕ್ ಅಲುಗಾಡದಂತೆ ಒಳಗೆ ಸ್ಪಂಜ್ ತುಂಬಿಸಲು ಹೇಳಿ. 775 ಸಾಕೆಟ್ಟಿನ ಹೀಟ್‌ಸಿಂಕನ್ನು ಹಿಡಿದಿರುವ ಪ್ಲಾಸ್ಟಿಕ್ ಪಿನ್ನುಗಳು ದಾರಿಯಲ್ಲಿ ಕಳಚಿಕೊಳ್ಳುತ್ತವೆ. ಬಂದ ಮೇಲೆ ಕರೆಂಟ್ ಕೊಡುವ ಮುಂಚೆ ನಾಲ್ಕೂ ಪಿನ್ ಒತ್ತಿ ನೋಡಿ.

ಒಂದನ್ನು ಪೂರ್ತಿ ಸಿದ್ಧಮಾಡಿ, ಇಮೇಜ್ ತೆಗೆದು, ಆ ಇಮೇಜನ್ನು ಎರಡನೆಯದಕ್ಕೆ ಇಳಿಸಿ. ಕಂಪ್ಯೂಟರ್ ಆಫ್ ಮಾಡಿ ಲಾಕನ್ನೂ ಪ್ರಿಂಟರನ್ನೂ ಅದಕ್ಕೆ ಬದಲಿಸಿ ಒಂದು ಪಟ್ಟಿ ಮುದ್ರಿಸಿ ನೋಡಿ. ಪಟ್ಟಿ ಬಂದರೆ ಬಯಾಸಿನ ಸೆಟ್ಟಿಂಗುಗಳನ್ನು ಕಾಗದದ ಮೇಲೆ ಬರೆದು ಮುಚ್ಚಳದ ಒಳಮೈಗೆ ಅಂಟಿಸಿ, ಡಬ್ಬಿಯನ್ನು ಇಲಿ ಬಾರದ ಜಾಗದಲ್ಲಿಡಿ. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಆನ್ ಮಾಡಿ, ದಿನಾಂಕ ನೋಡಿ, ಆಗಿನವರೆಗಿನ ಲೆಕ್ಕದ ಫೋಲ್ಡರ್ ಅದರೊಳಕ್ಕೆ ಹಾಕಿಡಿ.